ನಿಮ್ಮನೇಲಿ ನೆಟ್ ಬರ್ತಿದೆಯೇನ್ರೀ?

ಕರೆಂಟ್ ಹೋದರೆ ಬೀದಿಗೆ ಬೀದಿಯೇ ಕತ್ತಲಾಗುತ್ತದೆ, ಆದ್ದರಿಂದ ಯಾರಿಗೂ ಅಷ್ಟೇನೂ ಬೇಜಾರಿಲ್ಲ. ನೆಟ್ ಹಾಗಲ್ಲ. ನಮ್ಮ ಮನೆಗೆ ಮಾತ್ರ ಹೋಗಿ, ಪಕ್ಕದ ಮನೆಯ ಹುಡುಗ ಫೋನಿನಲ್ಲಿ ಕ್ರಿಕೆಟ್ ನೋಡುತ್ತಾ ಸಿಕ್ಸರ್‌ಗೆ ಕೂಗುವುದು ಕೇಳಿಸಿದರೆ ಹೊಟ್ಟೆ ಉರಿಯದೆ ಇನ್ನೇನು? ಮೊನ್ನೆ ಕಾಂಪೌಂಡಿನ ಆಚೆ ನಮ್ಮ ರಾಯರು ಬನಿಯನ್ನಿನಲ್ಲೇ ಬಂದು ನಿಂತಾಗ ಮುಖದಲ್ಲಿ ಅದೇ ಉರಿ.

"ನಿಮ್ಮನೇಲಿ ನೆಟ್ ಬರ್ತಿದೆಯೇನ್ರೀ?"

"ಬರ್ತಿದೆ ರಾಯರೇ."

"ಹಾಗಾದ್ರೆ ನಮಗ್ಯಾಕೆ ಬರ್ತಿಲ್ಲ?"

ಇಬ್ಬರದೂ ಒಂದೇ ಕೇಬಲ್‌ನವನ ಲೈನಾಗಿದ್ದರೆ ಮಾತ್ರ ನನ್ನ ಉತ್ತರಕ್ಕೆ ಬೆಲೆ. ಆಗ, ಬೀದಿಯವರೆಗೆ ಬಹುಶಃ ಎಲ್ಲ ಸರಿಯಿದೆ, ತಕರಾರು ಅವರ ಮನೆಯ ಕಡೆಗೇ ಎಂದು ಊಹಿಸಬಹುದು. ಬೇರೆ ಬೇರೆ ಕಂಪನಿಯಾದರೆ ನಮ್ಮ ನೆಟ್ ಇದ್ದರೇನು, ಬಿಟ್ಟರೇನು? ಗೋಡೆಗೆ ಬಂದು ವಿಚಾರಿಸುವವರು ಇದನ್ನು ಮೊದಲು ಕೇಳಬೇಕು, ಕೇಳುವುದಿಲ್ಲ. ಪುಣ್ಯಕ್ಕೆ ನಮ್ಮಿಬ್ಬರದೂ ಒಂದೇ ಲೈನು.

"ವೈಫೈ ಏನೋ ಫುಲ್ ಇದೆ, ನೋಡಿ ಬೇಕಾದ್ರೆ," ಎಂದು ಫೋನನ್ನು ಗೋಡೆಯ ಮೇಲಿಂದ ಚಾಚಿದರು. ಗುರುತೇನೋ ತುಂಬಿತ್ತು, ಪಕ್ಕದಲ್ಲೇ ಒಂದು ಪುಟ್ಟ ಆಶ್ಚರ್ಯಸೂಚಕ ಚಿಹ್ನೆ. ಜನ ಎಡವುವುದು ಇಲ್ಲೇ. ಆ ತುಂಬಿದ ಗುರುತು ಹೇಳುವುದು ಫೋನಿನಿಂದ ಹಾಲ್‌ನಲ್ಲಿರುವ ರೌಟರ್‌ವರೆಗಿನ ಸಮಾಚಾರ ಮಾತ್ರ. ಅಲ್ಲಿಂದಾಚೆ ಹೊರಗಿನ ಪ್ರಪಂಚ ಸಿಗುತ್ತಿಲ್ಲ ಅನ್ನುವುದಕ್ಕೇ ಆ ಚಿಹ್ನೆ. ರಾಯರು ಮಾತ್ರ ಮನೆಯೊಳಗಿನ ವೈಫೈಯನ್ನೇ ಬೈಯುತ್ತಿದ್ದರು.

"ಇವಳು ಮೈಕ್ರೋವೇವ್‌ನಲ್ಲಿ ಹಾಲು ಬಿಸಿ ಮಾಡಿದ್ಲು, ಅದಕ್ಕೇ ಇರಬಹುದು."

ಆ ಅನುಮಾನ ಪೂರ್ತಿ ಸುಳ್ಳೇನಲ್ಲ. ಹಳೆಯ ರೀತಿಯ ವೈಫೈ ಓಡಾಡುವುದು 2.4 ಗಿಗಾಹರ್ಟ್ಸ್ ಸುತ್ತಮುತ್ತ, ಮೈಕ್ರೋವೇವ್ ಒಲೆಯದೂ ಹೆಚ್ಚುಕಡಿಮೆ ಅದೇ ಜಾಗ. 2005ರಲ್ಲಿ ನಮ್ಮ ಸರ್ಕಾರ ಆ ತರಂಗಾಂತರಕ್ಕೆ ಲೈಸೆನ್ಸ್ ಬೇಡ ಎಂದು ಬಿಟ್ಟುಕೊಟ್ಟ ಮೇಲೆ ಅದು ಸಂತೆಬೀದಿ. ಯಾರು ಯಾರಿಗೆ ಅಡ್ಡ ಬಂದರೂ ದೂರು ಕೊಡುವ ಹಾಗಿಲ್ಲ. 5 ಗಿಗಾಹರ್ಟ್ಸ್‌ಗೆ ಒಲೆಯ ಕಾಟವಿಲ್ಲ, ವೇಗವೂ ಜಾಸ್ತಿ, ಆದರೆ ಎರಡು ಗೋಡೆ ದಾಟುವುದರಲ್ಲಿ ಸುಸ್ತಾಗುತ್ತದೆ. ಅದೇನೇ ಇರಲಿ, ಒಲೆ ಆರಿದ ಮೇಲೂ ನೆಟ್ ಬಾರದಿದ್ದರೆ ಹಾಲಿನ ತಪ್ಪಲ್ಲ.

"ರೌಟರ್‌ನಲ್ಲಿ ಯಾವ ದೀಪ ಉರೀತಿದೆ, ನೋಡಿ ಬನ್ನಿ."

ಹೋಗಿ ಬಂದರು. "ಎಲ್‌ಒಎಸ್ ಅಂತ ಒಂದು ಕೆಂಪುದು ಮಿಟುಕ್ತಿದೆ. ಬೆಳಗ್ಗೆಯಿಂದ ಆಫ್ ಮಾಡಿ ಆನ್ ಮಾಡಿ ಸಾಕಾಯ್ತು."

ಕಸ್ಟಮರ್ ಕೇರ್‌ನವರು ಕಲಿಸಿಕೊಟ್ಟ ಈ ಆಫ್-ಆನ್ ಮಂತ್ರವನ್ನು ನಾನು ಹೀಗಳೆಯುವುದಿಲ್ಲ. ರೌಟರ್ ತಲೆಕೆಟ್ಟು ನಿಂತಿದ್ದರೆ, ಫೋನುಗಳಿಗೆ ವಿಳಾಸ ಹಂಚುವುದು ಮರೆತಿದ್ದರೆ, ಅರ್ಧ ನಿಮಿಷ ಆರಿಸಿ ಹಚ್ಚಿದಾಗ ಸರಿಹೋಗುವುದುಂಟು. ಕೆಂಪು ದೀಪದ ಮುಂದೆ ಆ ಮಂತ್ರ ನಡೆಯದು. ಫೈಬರ್‌ನೊಳಗಿಂದ ಬರಬೇಕಾದ ಬೆಳಕೇ ಬರುತ್ತಿಲ್ಲ ಎಂದು ಪೆಟ್ಟಿಗೆ ಹೇಳುತ್ತಿರುವಾಗ, ಪೆಟ್ಟಿಗೆಯ ಸ್ವಿಚ್ ಒತ್ತಿ ಏನು ಬಂತು?

ಬೆಳಕು ನಿಲ್ಲಲು ನಮ್ಮ ಮೈಸೂರಿನ ಬೀದಿಗಳಲ್ಲಿ ಕಾರಣಕ್ಕೇನು ಬರ? ವೈರು ಕಂಬದಿಂದ ತೆಂಗಿನ ಮರಕ್ಕೆ, ಅಲ್ಲಿಂದ ಯಾರದೋ ಸಜ್ಜಕ್ಕೆ ಹಾರುತ್ತದೆ. ಅಳಿಲು ಕಡಿಯುತ್ತದೆ. ಕೊಂಬೆ ಕಡಿಯಲು ಬಂದವರು ಕೊಂಬೆಯ ಜತೆ ಅದನ್ನೂ ಕಡಿಯುತ್ತಾರೆ. ಗಣಪತಿ ಮೆರವಣಿಗೆಯಲ್ಲಿ ಒಬ್ಬ ಹುಡುಗ ಗಳು ಹಿಡಿದು ವೈರುಗಳನ್ನೆಲ್ಲ ಮೇಲಕ್ಕೆತ್ತುತ್ತಾ ಬರುತ್ತಾನಲ್ಲ, ಅವನ ಕೈ ಒಂದಿಷ್ಟು ಸೋತರೂ ಸಾಕು, ವಿಘ್ನನಿವಾರಕನಿಂದಲೇ ಬೀದಿಗೆಲ್ಲ ವಿಘ್ನ.

ಸಂಜೆಗೆ ಕೇಬಲ್ ಹುಡುಗ ಬಂದ. ರೌಟರ್‌ಗೆ ಚುಚ್ಚಿದ್ದ ತುದಿಯನ್ನು ಕಿತ್ತು, ಅಂಗೈಯಗಲದ ಮೀಟರಿಗೆ ಹಾಕಿ, "ಮೈನಸ್ 33 ಇದೆ ಸಾರ್, ಪವರೇ ಇಲ್ಲ," ಅಂದ. ಅದೇ ತುದಿಗೆ ಕೆಂಪು ಲೇಸರ್ ಪೆನ್ ಹಚ್ಚಿದ. ಬೀರುವಿನ ಹಿಂದೆ ಹಳದಿ ವೈರಿನ ಒಂದು ಮಡಿಕೆ ಕೆಂಪಗೆ ಹೊಳೆಯಿತು. ರಾಯರ ಮನೆಯವರು ಹಬ್ಬಕ್ಕೆ ಮನೆ ಗುಡಿಸುವಾಗ, ಜೋಲಾಡುತ್ತಿದ್ದ ಹೆಚ್ಚುವರಿ ವೈರನ್ನು ಸೀರೆ ಮಡಿಸಿದಷ್ಟು ನೀಟಾಗಿ ಮಡಿಸಿ, ದಾರ ಕಟ್ಟಿ, ಬೀರುವನ್ನು ಗೋಡೆಗೆ ಒತ್ತಿದ್ದರು. ಒಳಗಿರುವುದು ಕೂದಲೆಳೆಯಷ್ಟು ಸಣ್ಣ ಗಾಜು. ದೊಡ್ಡ ಸುತ್ತಾದರೆ ಬೆಳಕು ತಿರುಗಿಕೊಂಡು ಹೋಗುತ್ತದೆ, ಚೂಪಾಗಿ ಮಡಿಸಿದರೆ ಅಲ್ಲೇ ಹೊರಗೆ ಸೋರಿಹೋಗುತ್ತದೆ.

ದಾರ ಬಿಚ್ಚಿ ಸಡಿಲ ಮಾಡಿದ. "ಈಗ ಮೈನಸ್ 19. ಸೂಪರಾಗಿದೆ."

ರಾಯರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರಾದವರು. "ಮೈನಸ್ ಇರೋದನ್ನ ಸೂಪರ್ ಅಂತೀಯಲ್ಲೋ!" ಅಂದರು.

"27 ದಾಟಿದ್ರೆ ಕಷ್ಟ ಸಾರ್, ಇದು ಆರಾಮ."

ಹಸಿರು ದೀಪ ನಿಂತಿತು. ರಾಯರ ಮನೆಯವರಿಗೆ ಮಾತ್ರ ಸಮಾಧಾನವಿಲ್ಲ. "ಹೀಗೆ ಬಳ್ಳಿ ಹಾಗೆ ಬಿಟ್ಟರೆ ಬಂದವರು ಏನಂದ್ಕೋತಾರೆ?" ಎನ್ನುತ್ತಾ ಒಳಗೆ ಹೋಗಿ, ಹಿಂದೆ ಟೀವಿಗೆ ಹೊದಿಸುತ್ತಿದ್ದ ಕ್ರೋಶಾ ಕವರನ್ನು ತಂದು ರೌಟರ್ ಮೇಲೆ ಹಿಡಿದು ಅಳತೆ ನೋಡತೊಡಗಿದರು.

"ಅಮ್ಮಾ, ಬೇಡಮ್ಮಾ, ಬಿಸಿಯಾಗುತ್ತೆ," ಎಂದು ಹುಡುಗ ಬಾಗಿಲಿನಿಂದಲೇ ಕೂಗಿದ.