ಡಿಸ್ಕ್-ವಿಯೋಗ ಮೀಮಾಂಸೆ

ಗಣಕಯಂತ್ರದಿಂದ ಡಿಸ್ಕನ್ನು ದುರಸ್ತಿಗಾಗಿ ಕಳಚುವುದು ವಿಧ್ಯುಕ್ತವಾದೊಂದು ಸಂಸ್ಕಾರವೋ, ಅಥವಾ ಹಸ್ತಲಾಘವವೊಂದನ್ನೇ ಅಪೇಕ್ಷಿಸುವ ಲೌಕಿಕ ವ್ಯಾಪಾರವೋ ಎಂಬ ವಿಷಯದಲ್ಲಿ ಪಂಡಿತರು ಬಹುಕಾಲದಿಂದ ವಿವಾದಗ್ರಸ್ತರಾಗಿರುವರು. ಎಳೆದರೆ ಬರುವ ವಸ್ತುವಿಗೆ ವಿಧಿಯೇಕೆಂಬುದು ಪೂರ್ವಪಕ್ಷ. ಕಾರವಾರ ಅಂಕೋಲೆಗಳ ಝೆರಾಕ್ಸ್ ಅಂಗಡಿಗಳಲ್ಲಿ ಪೆನ್ ಡ್ರೈವುಗಳಿಗೆ ಒದಗುವ ಗತಿಯನ್ನು ಕಂಡವರು, ಸಂಖ್ಯಾಬಲವು ಈ ಪಕ್ಷದ್ದೇ ಎಂದು ಒಪ್ಪಲೇಬೇಕು.

ಸಿದ್ಧಾಂತಿಗೆ ದೃಷ್ಟಾಂತವು ಕಾಳೀನದಿಯ ದಡದಲ್ಲಿಯೇ ದೊರೆಯುವುದು. ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೆಯ ಘಟಕವು 2016ರ ಮೇ 13ರಿಂದ 962 ದಿನ ಎಡೆಬಿಡದೆ ದುಡಿದು, ಇಂಗ್ಲೆಂಡಿನ ಹೇಶಮ್ ಘಟಕದ 940 ದಿನಗಳ ದಾಖಲೆಯನ್ನು ಮೀರಿ, 2018ರ ಡಿಸೆಂಬರ್ 31ರಂದು ದುರಸ್ತಿ-ತಪಾಸಣೆಗಳಿಗಾಗಿ ನಿಂತಿತು. ನಿಂತಿತೆಂಬುದು ವ್ಯಾವಹಾರಿಕ ಸತ್ಯ ಮಾತ್ರ. ಸರಪಣಿ ಕ್ರಿಯೆಯು ಅಡಗಿದ ಕ್ಷಣದಲ್ಲಿಯೂ ಇಂಧನವು ಪೂರ್ಣಸಾಮರ್ಥ್ಯದ ಶೇಕಡಾ 6ರಷ್ಟು ಶಾಖವನ್ನು ಸೂಸುತ್ತಲೇ ಇರುವುದರಿಂದ, ತಂಪುಗೊಳಿಸುವ ವ್ಯವಸ್ಥೆಗೆ ವಿಶ್ರಾಂತಿಯ ಯೋಗವಿಲ್ಲ. ಇಂಧನವನ್ನು ಬದಲಿಸಲು ಮಾತ್ರ ಈ ಭಾರಜಲ ಘಟಕವನ್ನು ನಿಲ್ಲಿಸಬೇಕಾಗಿಲ್ಲ. ನಡೆಯುತ್ತಿರುವಾಗಲೇ ಹಳೆಯದನ್ನು ತೆಗೆದು ಹೊಸದನ್ನು ತುಂಬುವ ಯಂತ್ರವನ್ನು ಅದಕ್ಕೆ ಆದಿಯಲ್ಲಿಯೇ ಕಟ್ಟಿಕೊಡಲಾಗಿದೆ. ಪೂರ್ವಪಕ್ಷಿಯು ಈ ವಾಕ್ಯದ ಪೂರ್ವಾರ್ಧವನ್ನಷ್ಟೇ ಕಂಠಪಾಠ ಮಾಡಿರುವನು.

ಡಿಸ್ಕಿನ ವಿಷಯವೂ ಇಂತೆಯೇ. 'ಬರೆದಾಯಿತು' ಎಂದು ಲಿನಕ್ಸ್ ಘೋಷಿಸಿದಾಗ ಅಕ್ಷರಗಳು ಹೆಚ್ಚಾಗಿ ಸ್ಮೃತಿಯಲ್ಲಿರುವುವೇ ಹೊರತು ಡಿಸ್ಕಿನಲ್ಲಲ್ಲ. ಬೇರೆ ಒತ್ತಡವಿಲ್ಲದಿದ್ದರೆ ಸುಮಾರು 30 ಸೆಕೆಂಡು ಅವು ಅಲ್ಲಿಯೇ ತಂಗುವುದುಂಟು. ಆ ಅವಧಿಯಲ್ಲಿ ಕಿತ್ತೆಳೆಯುವುದೆಂದರೆ, ಬಡಿಸುವವನು ಪಾಯಸದ ಸೌಟನ್ನು ಬಗ್ಗಿಸುತ್ತಿರುವಾಗ ಉಣ್ಣುವವನು ಎಲೆಯನ್ನು ಎತ್ತಿಕೊಂಡಂತೆ. ಆದುದರಿಂದ ಮೊದಲು ಸ್ಮೃತಿಯಲ್ಲುಳಿದುದನ್ನು ಡಿಸ್ಕಿಗೆ ಇಳಿಸುವ 'ಸಿಂಕ್', ಅನಂತರ ಡಿಸ್ಕನ್ನು ವ್ಯವಸ್ಥೆಯಿಂದ ಬೇರ್ಪಡಿಸುವ 'ಅನ್‌ಮೌಂಟ್' ಎಂಬುದು ವಿಧಿ. ಎರಡನೆಯದು ಮೊದಲನೆಯದನ್ನು ತಾನೇ ಮಾಡಿಕೊಳ್ಳುವುದಾದರೂ, ಎರಡನ್ನೂ ಟೈಪಿಸುವ ವೃದ್ಧರನ್ನು ಕಂಡು ನಾವು ನಗಬಾರದು.

ಡಿಸ್ಕು ಕಾರ್ಯಮಗ್ನವಾಗಿದೆ ಎಂಬ ಪ್ರತ್ಯುತ್ತರವು ಬಂದಲ್ಲಿ ಯಾರು ಹಿಡಿದಿರುವರೆಂದು ಅರಸತಕ್ಕದ್ದು. ಅಪರಾಧಿಯು ಬಹುಶಃ ಆ ಡಿಸ್ಕಿನ ಕಡತಕೋಶದೊಳಗೆ ಅರಸುವವನು ತಾನೇ ತೆರೆದು ಮರೆತ ಟರ್ಮಿನಲ್ ಆಗಿರುವುದು. 'ಲೇಜಿ' ಎಂಬ ಆಲಸ್ಯಮಾರ್ಗವೂ ಒಂದುಂಟು. ಇದರಲ್ಲಿ ಡಿಸ್ಕಿನ ಹೆಸರು ಪಟ್ಟಿಯಿಂದ ಒಡನೆ ಅಳಿಯುವುದು, ಒಳಗಿನ ಬರವಣಿಗೆ ಮಾತ್ರ ಎಂದಿನಂತೆ ಸಾಗುವುದು. ನಾಮಮಾತ್ರ ಸಂನ್ಯಾಸವನ್ನು ಸ್ವೀಕರಿಸಿ ಅಂಗಡಿಯ ಲೆಕ್ಕವನ್ನು ನೋಡಿಕೊಂಡಿರುವವರು ಈ ಮತದ ಪ್ರವರ್ತಕರೆಂದು ನನ್ನ ಊಹೆ.

ಹಲವು ಡಿಸ್ಕುಗಳನ್ನು ಒಂದಾಗಿ ದುಡಿಸುವ ರೇಡ್ ವ್ಯೂಹದಲ್ಲಿ ಅನರ್ಥವು ಇನ್ನೂ ಘೋರ. ಜೋಡಿ ಡಿಸ್ಕುಗಳಲ್ಲಿ ಕೆಟ್ಟುದನ್ನು 'ವಿಫಲ'ವೆಂದು ಸಾರಿ, ವ್ಯೂಹದಿಂದ ಬಿಡುಗಡೆಗೊಳಿಸಿ, ಅನಂತರವೇ ಕೀಳಬೇಕು. ಅವಸರದವನಾದರೋ ಗಟ್ಟಿಯಾಗಿದ್ದುದನ್ನೇ ಕಿತ್ತು ಕೈಯಲ್ಲಿ ಹಿಡಿದು ನಿಲ್ಲುವನು. ಎಸ್‌ಡಿಎ, ಎಸ್‌ಡಿಬಿ ಎಂಬ ನಾಮಧೇಯಗಳು ಯಂತ್ರವನ್ನು ಮರುಚಾಲನೆ ಮಾಡಿದಾಗ ಅದಲುಬದಲಾಗಬಹುದಾದ್ದರಿಂದ ಅವು ಪ್ರಮಾಣವಲ್ಲ; ಮೈಮೇಲೆ ಅಚ್ಚಾದ ಕ್ರಮಸಂಖ್ಯೆಯೊಂದೇ ಗ್ರಾಹ್ಯವಾದ ಗೋತ್ರ.

ವಿಂಡೋಸ್ 10ರ 1809ನೆಯ ಆವೃತ್ತಿಯು ವಿಧಿಯಿಲ್ಲದೆ ಕೀಳಗೊಡುವ ಶೀಘ್ರವಿಯೋಗವನ್ನೇ ಪೂರ್ವನಿಯೋಜಿತ ಕ್ರಮವಾಗಿಸಿದುದನ್ನು ಪೂರ್ವಪಕ್ಷಿಗಳು ವಿಜಯೋತ್ಸವವಾಗಿ ಆಚರಿಸುತ್ತಿರುವರು. ಬರವಣಿಗೆಯು ನಡೆಯುತ್ತಿರುವಾಗ ಕೀಳಬಹುದೆಂದು ಆ ಆವೃತ್ತಿಯೂ ಹೇಳಿಲ್ಲ. ಕಾರಣ, ಡಿಸ್ಕಿನ ದೀಪವು ಮಿನುಗುವುದನ್ನು ನಿಲ್ಲಿಸುವವರೆಗೆ ವಾಚಕಮಹಾಶಯರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಬೇಕಾಗಿ ಪ್ರಾರ್ಥನೆ.