ಗಂಟು ಬಿಚ್ಚುವವನ ಬವಣೆ

ಡೆಬಿಯನ್ ಎಂಬ ಲಿನಕ್ಸ್ ವಿತರಣೆಗೆ ಪ್ಯಾಕೇಜು ಕಟ್ಟುವವರ ಸಂಸಾರ ನಡೆಯುವುದೇ ಬೇರೆಯವರ ಗಂಟಿನಿಂದ. ಪ್ರಪಂಚದ ಯಾವುದೋ ಮೂಲೆಯ ಪುಣ್ಯಾತ್ಮನೊಬ್ಬ ಪ್ರೋಗ್ರಾಂ ಬರೆದು, ಕಡತಗಳನ್ನೆಲ್ಲ ಟಾರ್ ಮಾಡಿ ಒಂದೇ ಗಂಟು ಕಟ್ಟಿ, ಜಿಜಿಪ್‌ನಲ್ಲಿ ಹಿಂಡಿ, ಜಾಲಕ್ಕೆ ಎಸೆದು ನೆಮ್ಮದಿಯಾಗಿ ಮಲಗುತ್ತಾನೆ. ಅವನನ್ನು ಅಪ್‌ಸ್ಟ್ರೀಮ್ ಎನ್ನುತ್ತೇವೆ. ಅವನು ಮಲಗಿದ ಮೇಲೆ ನಮಗೆ ಎಚ್ಚರ.

“ಅಂದರೆ ನೀನು ಡೌನ್‌ಲೋಡ್ ಮಾಡಿ ಹೆಸರು ಬದಲಾಯಿಸುತ್ತೀಯ, ಅಷ್ಟೇ ತಾನೆ?” ಎಂದು ನನ್ನ ಭಾವ ಕೇಳುವುದುಂಟು. ಅವರು ಲೆಕ್ಕಪರಿಶೋಧಕರು, ಬೇರೆಯವರ ಕಾಗದ ಜಾಲಾಡಿ ಸಂಬಳ ಪಡೆಯುವವರು. ಅದೇ ಕೆಲಸವನ್ನು ಪುಕ್ಕಟೆ ಮಾಡುವ ನನ್ನನ್ನು ಕಂಡರೆ ಅವರಿಗೆ ಅಯ್ಯೋ ಅನ್ನಿಸುವುದು ಸಹಜ.

ಹೆಸರು ಬದಲಾಯಿಸುವುದಂತೂ ನಿಜ. ‘ಹಲೋ-2.10.ಟಾರ್.ಜಿಜೆಡ್’ ಎಂದು ಬಂದದ್ದು ನಮ್ಮಲ್ಲಿ ‘ಹಲೋ_2.10.ಒರಿಗ್.ಟಾರ್.ಜಿಜೆಡ್’ ಆಗಬೇಕು. ಮಧ್ಯದ ಗೆರೆ ಕೆಳಕ್ಕಿಳಿಯಬೇಕು. ಇಳಿಯದಿದ್ದರೆ ಮುಂದಿನ ಯಾವ ಕೆಲಸವೂ ಸಾಗದು. (ಈ ಗ್ನು ಹಲೋ ಎಂಬ ಪ್ರೋಗ್ರಾಂ ಮಾಡುವುದು ಲೋಕಕ್ಕೆ ನಮಸ್ಕಾರ ಹೇಳುವುದಿಷ್ಟನ್ನೇ. ಅದಕ್ಕೊಂದು ಕೈಪಿಡಿ, ಹತ್ತಾರು ಭಾಷೆಗಳ ಅನುವಾದ, ದೂರು ಕೊಡಲು ವಿಳಾಸ ಎಲ್ಲ ಇವೆ. ಸೌಜನ್ಯ ಅಷ್ಟು ಸುಲಭವಲ್ಲ.)

ಆಮೇಲೆ ಆವೃತ್ತಿಸಂಖ್ಯೆ. ಅಪ್‌ಸ್ಟ್ರೀಮಿನವನು ಪರೀಕ್ಷೆಗೆಂದು 2.0ಆರ್‌ಸಿ1 ಬಿಡುತ್ತಾನೆ, ತಿಂಗಳ ಮೇಲೆ 2.0 ಬಿಡುತ್ತಾನೆ. ಡೆಬಿಯನ್ನಿನ ಲೆಕ್ಕದಲ್ಲಿ ಬಾಲವಿದ್ದದ್ದೇ ದೊಡ್ಡದು. ಹಾಗಾಗಿ ನಡುವೆ ಟಿಲ್ಡೆ ಎಂಬ ಡೊಂಕು ಗೆರೆ ಸೇರಿಸಬೇಕು. ಅದು ಶೂನ್ಯಕ್ಕಿಂತಲೂ ಚಿಕ್ಕದೆಂದು ನಿಯಮವಿದೆ. ಇನ್ನೊಬ್ಬ ಮಹಾಶಯ ವರ್ಷಗಟ್ಟಲೆ 20190412 ಎಂದು ತಾರೀಖನ್ನೇ ಸಂಖ್ಯೆಯಾಗಿಟ್ಟು, ಒಂದು ಬೆಳಗ್ಗೆ ಜ್ಞಾನೋದಯವಾಗಿ 1.0 ಎನ್ನುತ್ತಾನೆ. ಆಗ ಮುಂದೆ ಎಪಕ್ ಎಂಬ ಇನ್ನೊಂದು ಸಂಖ್ಯೆ ಅಂಟಿಸಬೇಕು. ಒಮ್ಮೆ ಅಂಟಿಸಿದರೆ ಆ ಪ್ಯಾಕೇಜು ಬದುಕಿರುವವರೆಗೂ ಅದನ್ನು ಕಿತ್ತುಹಾಕುವಂತಿಲ್ಲ.

ಇಷ್ಟೆಲ್ಲ ಆದಮೇಲೆ ಗಂಟು ಬಿಚ್ಚುವುದು. 1997ರಲ್ಲಿ ಒಪ್ಪಿಕೊಂಡ ಡೆಬಿಯನ್ ಮುಕ್ತ ತಂತ್ರಾಂಶದ ಮಾರ್ಗಸೂಚಿ (ಡಿಎಫ್ಎಸ್‌ಜಿ) ನಮಗೆ ಅಜ್ಜಿಯ ಮಡಿಯಂತೆ: ಪ್ರಶ್ನಿಸಬಾರದು, ಸೋಕಿದರೆ ಮತ್ತೆ ಸ್ನಾನ. ಮೂಲವಿಲ್ಲದ ಪಿಡಿಎಫ್ ಮೈಲಿಗೆ. ಖಾಲಿ ಜಾಗಗಳನ್ನೆಲ್ಲ ಹಿಂಡಿ ಒಂದೇ ಸಾಲಿಗಿಳಿಸಿದ ಜಾವಾಸ್ಕ್ರಿಪ್ಟ್, ಅದರ ಮೂಲ ಜೊತೆಗಿಲ್ಲದಿದ್ದರೆ ಮೈಲಿಗೆ. ಅಂತರಜಾಲ ನಡೆಯುವುದೇ ಯಾವ ಆರ್‌ಎಫ್‌ಸಿ ದಾಖಲೆಗಳ ಮೇಲೋ ಅವೂ ಮೈಲಿಗೆ. ತಿದ್ದಿ ಹಂಚುವ ಸ್ವಾತಂತ್ರ್ಯ ಅವುಗಳ ಪರವಾನಗಿಯಲ್ಲಿಲ್ಲ.

ಎಲ್ಲಕ್ಕಿಂತ ಸೊಗಸು ಡಗ್ಲಸ್ ಕ್ರಾಕ್‌ಫರ್ಡ್ ಬರೆದ ಜೇಸನ್ ಪರವಾನಗಿ. ಈ ತಂತ್ರಾಂಶವನ್ನು ಒಳ್ಳೆಯದಕ್ಕೆ ಬಳಸಿ, ಕೆಟ್ಟದಕ್ಕೆ ಬೇಡ ಎಂದು ಅದರಲ್ಲೊಂದು ಷರತ್ತಿದೆ. ಯಾರಾದರೂ ಮೆಚ್ಚಿ ತಲೆದೂಗುವ ಮಾತು. ಡೆಬಿಯನ್ ಒಪ್ಪಲಿಲ್ಲ. ಯಾವ ಉದ್ಯೋಗದವರಿಗೂ ಭೇದ ಮಾಡಬಾರದೆಂಬುದು ನಮ್ಮ ಮಾರ್ಗಸೂಚಿ. ದುಷ್ಟತನವೂ ಒಂದು ಉದ್ಯೋಗವೇ ತಾನೆ. ಹೀಗೆ ಸಜ್ಜನಿಕೆಯ ಉಪದೇಶ ಹೊತ್ತು ಬಂದ ಕಡತಗಳನ್ನು ಆರಿಸಿ ಎಸೆಯುವ ಭಾಗ್ಯ ನನ್ನಂಥವರದು. ನನ್ನ ಭಾವನಿಗೆ ಇದನ್ನು ವಿವರಿಸಲು ಹೋಗಿಲ್ಲ.

ಎಸೆಯಬೇಕಾದ್ದನ್ನು ಕಾಪಿರೈಟ್ ಕಡತದಲ್ಲಿ ಪಟ್ಟಿ ಮಾಡಿಟ್ಟರೆ ಯುಸ್ಕ್ಯಾನ್ ಎಂಬ ಸೇವಕ ಗಂಟನ್ನು ತಂದು, ಬಿಚ್ಚಿ, ಆರಿಸಿ, ಮತ್ತೆ ಕಟ್ಟಿ ಕೊಡುತ್ತಾನೆ. ಶುದ್ಧಿಯಾದದ್ದಕ್ಕೆ ಸಾಕ್ಷಿಯಾಗಿ ಸಂಖ್ಯೆಯ ಕೊನೆಗೆ ‘+ಡಿಎಫ್ಎಸ್‌ಜಿ’ ಎಂಬ ಮುದ್ರೆ. ಕನ್ನಡದ ಗುಬ್ಬಿ, ನವಿಲು ಫಾಂಟುಗಳೂ ಡೆಬಿಯನ್ನಿನಲ್ಲಿವೆ. ಬರಿಯ ಟಿಟಿಎಫ್ ಕೊಟ್ಟು ಕೈತೊಳೆದುಕೊಂಡರೆ ಹಕ್ಕಿಗಳಿಗೂ ವಿನಾಯಿತಿಯಿಲ್ಲ. ಅಕ್ಷರಗಳನ್ನು ಯಾವ ಮೂಲದಿಂದ ಹೊರಡಿಸಿದಿರಿ, ಅದನ್ನು ತೋರಿಸಿ ಎನ್ನುತ್ತೇವೆ.

ಒಮ್ಮೆ ಡೆಬಿಯನ್ನಿನ ಭಂಡಾರಕ್ಕೆ ಹೋದ ಗಂಟು ಶಿಲಾಶಾಸನ. ಅದೇ ಹೆಸರಿನಲ್ಲಿ ಒಂದು ಬೈಟು ಬೇರೆಯಾದ ಗಂಟು ಬಂದರೂ ಬಾಗಿಲಲ್ಲೇ ವಾಪಸ್. ಅಪ್‌ಸ್ಟ್ರೀಮಿನವರಿಗೆ ಈ ನಿಷ್ಠೆಯ ಪರಿವೆಯಿಲ್ಲ. ಬಿಡುಗಡೆಯಾದ ಸಂಜೆಯೇ ಕಾಗುಣಿತವೊಂದನ್ನು ತಿದ್ದಿ, ಅದೇ ಹೆಸರಿನಲ್ಲಿ ಸದ್ದಿಲ್ಲದೆ ಮತ್ತೆ ಇಟ್ಟುಬಿಡುತ್ತಾರೆ. 2023ರ ಜನವರಿಯಲ್ಲಿ, ಅನೇಕ ಅಪ್‌ಸ್ಟ್ರೀಮಿನವರ ಗಂಟುಗಳಿರುವ ಗಿಟ್‌ಹಬ್ ತಾಣ ಹಿಂಡುವ ವಿಧಾನವನ್ನು ಚೂರು ಬದಲಿಸಿತು. ಗಂಟಿನೊಳಗಿನ ಕಡತಗಳಲ್ಲಿ ಒಂದಕ್ಷರವೂ ವ್ಯತ್ಯಾಸವಿರಲಿಲ್ಲ, ಆದರೆ ಗಂಟಿನ ಚೆಕ್‌ಸಮ್ ಬೇರೆಯಾಗಿ ಹೋಯಿತು. ಅಲ್ಲಲ್ಲಿ ಬಿಲ್ಡುಗಳು ಮುರಿದು, ಗಲಾಟೆಯಾಗಿ, ಹಳೆಯ ವಿಧಾನಕ್ಕೇ ಮರಳಬೇಕಾಯಿತು. ಒಂದು ಬೈಟೂ ಬೇರೆಯಾಗಬಾರದೆನ್ನುವ ನಮ್ಮಂಥವರಿಗಾಗಿ ಜೋಯಿ ಹೆಸ್ ಹಿಂದೆಯೇ ಪ್ರಿಸ್ಟೀನ್-ಟಾರ್ ಬರೆದಿಟ್ಟಿದ್ದರು: ಹಳೆಯ ಗಂಟನ್ನು ಬೈಟಿಗೆ ಬೈಟು ಮರಳಿ ಕಟ್ಟುವ ಸಲಕರಣೆ.

ಇದೆಲ್ಲ ಗೊಡ್ಡು ಆಚಾರವೆಂದು ನಗುತ್ತಿದ್ದವರು 2024ರ ಮಾರ್ಚ್ ಕೊನೆಯಲ್ಲಿ ನಗು ನಿಲ್ಲಿಸಿದರು. ಗಂಟುಗಳನ್ನು ಹಿಂಡಲು ನಾವು ಬಳಸುವ ಎಕ್ಸ್‌ಜೆಡ್ ಉಂಟಲ್ಲ, ಅದರ ಗಂಟಿನಲ್ಲೇ ಕನ್ನಗತ್ತರಿ ಇತ್ತು! ಜಿಯಾ ಟಾನ್ ಎಂಬ ಹೆಸರಿನ ಆಸಾಮಿ ವರ್ಷಗಟ್ಟಲೆ ನಯವಾಗಿ ದುಡಿದು, ನಂಬಿಕೆ ಗಳಿಸಿ, 5.6.0 ಮತ್ತು 5.6.1ರಲ್ಲಿ ಕಳ್ಳಬಾಗಿಲು ಇಟ್ಟಿದ್ದ. ವಿಷದ ಸರಕು ಪರೀಕ್ಷಾ ಕಡತಗಳ ವೇಷದಲ್ಲಿ, ಮೂಲ ಕೋಡು ಇಡುವ ಗಿಟ್‌ನಲ್ಲೇ ಇತ್ತು. ಅದನ್ನು ಎಬ್ಬಿಸುವ ಕೆಲವು ಸಾಲು ಮಾತ್ರ ಬಿಡುಗಡೆಯ ಗಂಟಾದ ಟಾರ್‌ಬಾಲಿನಲ್ಲಿತ್ತು, ಗಿಟ್‌ನಲ್ಲಿರಲಿಲ್ಲ. ಗಿಟ್ ನೋಡಿದವರು ಗಂಟು ಬಿಚ್ಚಲಿಲ್ಲ, ಗಂಟು ಬಿಚ್ಚಿದವರು ಗಿಟ್ ನೋಡಲಿಲ್ಲ.

ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರೆಯುವ ತಂತ್ರಜ್ಞರು. ಅವರ ಡೆಬಿಯನ್ ಯಂತ್ರದಲ್ಲಿ ಎಸ್ಎಸ್ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿತ್ತು. ಅರ್ಧ ಸೆಕೆಂಡು! ಅರ್ಧ ದಿನ ತಡವಾದರೂ “ಸರ್ವರ್ ಡೌನ್ ಸಾರ್” ಎಂದರೆ ತಲೆಯಾಡಿಸಿ ಮನೆಗೆ ಬರುವ ನಮ್ಮಂಥವರ ಕೈಯಲ್ಲಿದ್ದಿದ್ದರೆ ಆ ಕಳ್ಳಬಾಗಿಲಿಗೆ ಇಷ್ಟರಲ್ಲಿ ತೋರಣ ಕಟ್ಟಿರುತ್ತಿದ್ದೆವು.

ಆ ಜಿಯಾ ಟಾನ್ ಆಸಾಮಿ ಹೊಸ ಆವೃತ್ತಿಯನ್ನು ಬೇಗ ಸೇರಿಸಿಕೊಳ್ಳಿ ಎಂದು ಲಿನಕ್ಸ್ ವಿತರಣೆಗಳವರ ಬೆನ್ನು ಬಿದ್ದಿದ್ದ. ಹಾಗಾಗಿ ಈಗ ಯಾವ ಅಪ್‌ಸ್ಟ್ರೀಮಿನವರಾದರೂ ತಾವಾಗಿ ವಿನಯದಿಂದ ಮಾತಾಡಿಸಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಬೈದರೆ, ಸದ್ಯ, ಅಸಲಿ ಮನುಷ್ಯ ಎಂದು ಸಮಾಧಾನ.

ಟಾರ್‌ಬಾಲಿನ ಸಹವಾಸವೇ ಬೇಡ, ನೇರ ಗಿಟ್‌ನಿಂದ ನಾವೇ ಗಂಟು ಕಟ್ಟೋಣ ಎಂಬ ವಾದಕ್ಕೆ ಆಮೇಲೆ ಬಲ ಬಂತು. ನಾನೂ ಆ ಪಕ್ಷದವನೇ. ಒಂದು ಪುಟ್ಟ ಪ್ರೋಗ್ರಾಂ ಹಿಡಿದು ಹಾಗೇ ಮಾಡಿದೆ. ಕಾನ್ಫಿಗರ್ ಕಡತ ಇರಲಿಲ್ಲ, ಹುಟ್ಟಿಸಿಕೊಂಡೆ. ಪ್ಯಾಕೇಜು ಸೊಗಸಾಗಿ ಕಟ್ಟಿಬಂತು. ನಿನ್ನ ಆವೃತ್ತಿ ಯಾವುದಪ್ಪಾ ಎಂದು ಪ್ರೋಗ್ರಾಂ ಅನ್ನೇ ಕೇಳಿದರೆ ‘ಅನ್‌ನೋನ್’ ಎಂದಿತು. ಅಪ್‌ಸ್ಟ್ರೀಮಿಗೆ ಬರೆದು ಕೇಳಿದೆ. ಮರುದಿನ ಉತ್ತರ ಬಂತು: “ಆವೃತ್ತಿ ಸಂಖ್ಯೆಯನ್ನು ನಾನು ಟಾರ್‌ಬಾಲ್ ಕಟ್ಟುವಾಗ ಸೇರಿಸುತ್ತೇನೆ. ಅಷ್ಟು ಕಷ್ಟಪಟ್ಟು ಕಟ್ಟಿಟ್ಟಿದ್ದೀನಲ್ಲ, ಅದನ್ನು ಯಾಕೆ ತಗೊಳ್ಳಲ್ಲ ನೀವು?”