ಪೈಲಟ್ ಬಳಸುವ ವಿಧಾನ

ಮಿಕ್ಸರ್ ಕೊಂಡರೆ ಡಬ್ಬಿಯಲ್ಲೊಂದು ಪುಸ್ತಿಕೆ ಬರುತ್ತದೆ: ಎಷ್ಟು ಹೊತ್ತು ತಿರುಗಿಸಬೇಕು, ಬಿಸಿಯಾದರೆ ಎಷ್ಟು ಹೊತ್ತು ಆರಲು ಬಿಡಬೇಕು. ಪೈಲಟ್ ಜೊತೆ ಅಂಥದ್ದೇನೂ ಬರುವುದಿಲ್ಲ. 2019ರಲ್ಲಿ ಕಲಬುರಗಿಗೂ ವಿಮಾನ ಬಂತು. ನಾಳೆ ನಮ್ಮ ಕೆಂಭಾವಿಯ ಹುಡುಗನೊಬ್ಬ ವಿಮಾನ ಹಾರಿಸುವಂತಾದರೆ ಮನೆಯವರಿಗೂ ಕಂಪನಿಗೂ ಇರಲಿ ಎಂದು ಈ ಪುಸ್ತಿಕೆ.

ಪರೀಕ್ಷೆ: ಮೊದಲು ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂಥ ಕಡೆ ಕಳಿಸಿ. ಕಣ್ಣು, ಕಿವಿ, ಎದೆ ಎಲ್ಲ ನೋಡುತ್ತಾರೆ. ಮನಸ್ಸಿನ ಸರದಿ ಬಂದಾಗ ಹುಡುಗ ಊರಲ್ಲಿ ಕಲಿತದ್ದನ್ನೇ ಹೇಳಲಿ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಯಾರು ಸಿಕ್ಕರೂ ‘ಆರಾಮ ಅದೀರೇನ್ರಿ?’ ಅಂತಾರೆ. ‘ಆರಾಮ್ರಿ’ ಎಂಬುದೊಂದೇ ಉತ್ತರ. ಜ್ವರ ಬಂದರೆ ಆರಾಮಿಲ್ಲ ಅನ್ನಬಹುದು. ತಿಂಗಳಿಂದ ನಿದ್ದಿಲ್ಲ, ಯಾವುದೂ ಬ್ಯಾಡ ಅನಸ್ತದ ಎಂದವನಿಗೆ ಮಾತ್ರ ಗಾಳಿ ಸೋಕಿದೆ ಎನ್ನುತ್ತೇವೆ. ಗಾಳಿಯಲ್ಲೇ ದುಡಿಯುವವನಿಗೆ ಗಾಳಿ ಸೋಕಿದರೆ ಲೈಸೆನ್ಸು ನೆಲ ಕಚ್ಚುತ್ತದೆ. ತರಬೇತಿಗೆ ಮಾರಿದ ಹೊಲ ತಿರುಗಿ ಬರುವುದಿಲ್ಲ.

ಆರಲು ಬಿಡುವ ಹೊತ್ತು: ವಾರಕ್ಕೆ 36 ಗಂಟೆಯಿದ್ದ ವಿಶ್ರಾಂತಿಯನ್ನು 2025ರ ಜುಲೈನಿಂದ 48ಕ್ಕೆ ಏರಿಸಿದರು. ನವೆಂಬರಿನಿಂದ ರಾತ್ರಿ ವಿಮಾನ ಇಳಿಸುವ ಮಿತಿ ಆರು ಸಲದಿಂದ ಎರಡು ಸಲಕ್ಕಿಳಿಯಿತು. ಡಿಸೆಂಬರಿನಲ್ಲಿ ಎಷ್ಟು ಪೈಲಟ್ ಬೇಕೆಂಬ ಇಂಡಿಗೋ ಕಂಪನಿಯ ಲೆಕ್ಕ ತಪ್ಪಿ ಸಾವಿರಾರು ವಿಮಾನ ರದ್ದಾದವು. ಪೈಲಟ್‌ಗಳನ್ನು ತಯಾರು ಮಾಡಲು ವರ್ಷಗಳು ಬೇಕು, ನಿಯಮ ಸಡಿಲಿಸಲು ಒಂದು ಸುತ್ತೋಲೆ ಸಾಕು. ವಾರದ ವಿಶ್ರಾಂತಿಗೆ ಬದಲಾಗಿ ರಜೆಯನ್ನು ಲೆಕ್ಕ ಹಿಡಿಯಬಾರದೆಂಬ ಸಾಲನ್ನು ವಿಮಾನಯಾನದ ನಿಯಂತ್ರಕ ಡಿಜಿಸಿಎ ಹಿಂದಕ್ಕೆ ಪಡೆಯಿತು. ಅಕ್ಕನ ಮದುವೆಗೆ ರಜೆ ಹಾಕಿ ಹಂದರ ಹಾಕಿದ್ದೂ ಆಗ ವಿಶ್ರಾಂತಿಯೇ ಆಯಿತು.

ಬಾಗಿಲು: ಅಮೆರಿಕದ ಮೇಲಿನ 2001ರ ಸೆಪ್ಟೆಂಬರಿನ ದಾಳಿಯ ನಂತರ ಕಾಕ್‌ಪಿಟ್ ಬಾಗಿಲನ್ನು ಹೊರಗಿನವರು ಒಡೆಯಲಾಗದಂತೆ ಮಾಡಿದರು. 2015ರ ಮಾರ್ಚ್ 24ರಂದು ಬಾರ್ಸಿಲೋನಾದಿಂದ ಹೊರಟ ಜರ್ಮನ್‌ವಿಂಗ್ಸ್ ವಿಮಾನದಲ್ಲಿ ಕ್ಯಾಪ್ಟನ್ ಹೊರಗೆದ್ದು ಹೋದಾಗ ಸಹಪೈಲಟ್ ಒಳಗಿನಿಂದ ಬಾಗಿಲು ಹಾಕಿಕೊಂಡು ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದ. 150 ಜನ ಸತ್ತರು. ಕೆಲಸಕ್ಕೆ ಹೋಗಬಾರದೆಂದು ಡಾಕ್ಟರು ಕೊಟ್ಟ ಚೀಟಿ ಅವನ ಮನೆಯಲ್ಲಿ ಹರಿದು ಬಿದ್ದಿತ್ತು. ಡಾಕ್ಟರಿಗೆ ಗೊತ್ತಿದ್ದದ್ದು ಕಂಪನಿಗೆ ಗೊತ್ತಿರಲಿಲ್ಲ. ಮನಸ್ಸು ಕುಗ್ಗಿದವರೆಲ್ಲ ಹೀಗೆ ಮಾಡುತ್ತಾರೆಂದು ಯಾರೂ ಓದಿಕೊಳ್ಳಬೇಡಿ. ಹೆಚ್ಚಿನವರು ಯಾರಿಗೂ ಕೇಡು ಮಾಡದೆ ತಾವೇ ಸವೆಯುತ್ತಾರೆ.

ನಮ್ಮ ರಾತ್ರಿ ಬಸ್ಸಿನ ಡ್ರೈವರಿಗೆ ಈ ಬಾಗಿಲಿನ ತೊಂದರೆಯಿಲ್ಲ. ಬಾನೆಟ್ ಪಕ್ಕದಲ್ಲೇ ಗಂಟು ಇಟ್ಟುಕೊಂಡು ಕೂತ ಮುದುಕಿ, ‘ಕಣ್ಣು ಕೆಂಪಗ ಆಗ್ಯಾವಲ್ಲೋ ತಮ್ಮಾ, ನಿದ್ದಿ ಮಾಡಿಲ್ಲೇನು?’ ಅಂತಾಳೆ. ಅವನು ರೇಗುತ್ತಾನೆ. ಮುಂದಿನ ಊರಲ್ಲಿ ನಿಲ್ಲಿಸಿ ಮುಖ ತೊಳೆದು ಚಾ ಕುಡಿಯುತ್ತಾನೆ.

ದುರಸ್ತಿ: ಪೈಲಟ್ ತನ್ನ ಜೊತೆಯ ಪೈಲಟ್ ಹತ್ತಿರವೇ ಸಂಕಟ ಹೇಳಿಕೊಳ್ಳುವ ವ್ಯವಸ್ಥೆ ಇರಲಿ ಎಂದು 2023ರ ಫೆಬ್ರವರಿಯಲ್ಲಿ ಡಿಜಿಸಿಎ ಸುತ್ತೋಲೆ ಹೊರಡಿಸಿತು. ಒಳ್ಳೆಯದು. ಹೇಳಿಕೊಂಡ ಮೇಲೂ ಲೈಸೆನ್ಸು ಉಳಿಯುತ್ತದೆಂಬ ನಂಬಿಕೆಯನ್ನು ಮಾತ್ರ ಕಾಗದಕ್ಕೆ ಲಗತ್ತಿಸಲು ಬರುವುದಿಲ್ಲ. ಪೈಲಟ್ ಅಲ್ಲದ ನಮಗೆಲ್ಲ ಮನಸ್ಸಿನ ಸಂಕಟ ಹೇಳಿಕೊಳ್ಳಲು ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರು 14416.

ಮನೆಯವರಿಗೆ: ಹುಡುಗ ಫೋನಿನಲ್ಲಿ ‘ಆರಾಮವ್ವ’ ಎಂದೊಡನೆ ಇಟ್ಟುಬಿಡಬೇಡಿ. ಎಮ್ಮೆ ಈಯಿತು, ಕಾಲುವೆಗೆ ನೀರು ಬಿಟ್ಟರು ಎಂದು ಏನಾದರೂ ಹೇಳುತ್ತಿರಿ. ಸಂಬಳದ ಮಾತು ಎತ್ತಬೇಡಿ. ಹೊಲದ ಮಾತಂತೂ ಬೇಡವೇ ಬೇಡ.